ತಗಡಿನ ಅಂಕಿಗಳು

ಭದ್ರಾವತಿಯ ಹಳೇ ಸೇತುವೆ ದಾಟಿ ಎಡಕ್ಕೆ
ಸೈಕಲ್ ಶಾಪು, ಅಪ್ಪನದು. ಹೆಸರು ಆರೋಗ್ಯಸ್ವಾಮಿ,
ವರ್ಷವಿಡೀ ಕೆಮ್ಮು.
ಬಾಗಿಲ ಪಕ್ಕ ಕರಿ ಹಲಗೆ, ಹಲಗೆಗೆ ನಾಲ್ಕು ಮೊಳೆ:
ಮೂರು ರನ್ನಿಗೆ, ಒಂದು ವಿಕೆಟ್ಟಿಗೆ.
ಒಳಗೆ ರೇಡಿಯೋ. ಸ್ಟೂಲಿನ ಮೇಲೆ ನಾನು,
ಏಳು ವರ್ಷದವಳು, ಮುಂದಿನ ಅಂಕಿಯನ್ನು
ಹಲ್ಲಲ್ಲಿ ಕಚ್ಚಿಕೊಂಡು.

ಕಾರ್ಖಾನೆಯ ಗುಜರಿಯಲ್ಲಿ ಸಿಕ್ಕ ತಗಡು, ಸಾಲಲಿಲ್ಲ.
ಆರಕ್ಕೂ ಒಂಬತ್ತಕ್ಕೂ ಸೇರಿ ಒಂದೇ,
ತಲೆಗೊಂದು ತೂತು, ಕಾಲಿಗೊಂದು ತೂತು.
"ಅರವತ್ತೊಂಬತ್ತಾದ್ರೆ ಏನ್ಮಾಡ್ತೀಯೋ ಸ್ವಾಮಿ?"
ಮೋಲ್ಡರ್ ಚೌಡಪ್ಪನ ಕುಹಕ.
"ಇನ್ನೊಂದು ರನ್ನು ಕಾಯ್ತೀನಿ."

ಬಹಳ ಕಾಯಬೇಕಾಗಿರಲಿಲ್ಲ ಆಗ.
ನಮ್ಮವರು ಹೊರದೇಶಕ್ಕೆ ಹೋದರೆಂದರೆ
ಆ ತಗಡು ವಿಕೆಟ್ಟಿನ ಮೊಳೆಗೇ, ಒಂಬತ್ತಾಗಿ;
ಸಿಕ್ಕಿಸಿ ನಾನು ಇಳಿಯುವಷ್ಟರಲ್ಲಿ
ರೇಡಿಯೋ ನಿಟ್ಟುಸಿರು ಬಿಟ್ಟಿರುತ್ತಿತ್ತು.
ಎರಡನೇ ಪಾಳಿಯವರು ಒಂದು ಕಾಲು ನೆಲಕ್ಕೂರಿ
ಹಲಗೆ ನೋಡಿ, ಏನೂ ಹೇಳದೆ ಪೆಡಲು ತುಳಿಯುತ್ತಿದ್ದರು.
ಸೋಲಿಗೆ ಬೋರ್ಡು ಬರೆದಿರಲಿಲ್ಲ ಅಪ್ಪ, ಗೆಲುವಿಗೂ ಇಲ್ಲ.
ಇದ್ದದ್ದೊಂದೇ, ಮೊಳದಗಲದ ತಗಡು
(ಅದಕ್ಕೇ ಉಳಿದವಕ್ಕೆ ಸಾಲದೇ ಹೋದದ್ದು),
ಅದರ ಮೇಲೆ ನೀಲಿಯಲ್ಲಿ, ಉಸಿರು ಹಿಡಿದು ಬರೆದ
ಡ್ರಾ.

ಅದು ಹಲಗೆ ಏರಿದ ಸಂಜೆ ಪಂಕ್ಚರ್ ಪುಕ್ಕಟೆ.
ಐದನೇ ದಿನ ಪೂರಾ ಬ್ಯಾಟನ್ನು ಕದದಂತೆ ಮುಚ್ಚಿ ನಿಂತವನ
ಹನ್ನೊಂದೇ ರನ್ನನ್ನು ಅಪ್ಪ ಒಂದೊಂದಾಗಿ ಬಣ್ಣಿಸುವಾಗ
ಚೌಡಪ್ಪ ಕುಹಕವಾಡುತ್ತಿರಲಿಲ್ಲ. ಅವನಿಗೆ ಗೊತ್ತು,
ಕುಲುಮೆಯೆದುರು ಎಂಟು ತಾಸು
ಏನೂ ಆಗದಂತೆ ನೋಡಿಕೊಳ್ಳುವುದೂ ಒಂದು ಕೆಲಸ.

ಆಮೇಲೆ, ಯಾವಾಗ ಅಂತ ಹೇಳಲಾರೆ,
ತುಕ್ಕು ಹಿಡಿದ ಚೈನಿಗೆ ಎಣ್ಣೆ ಇಳಿದ ಹಾಗೆ.
ಎದುರಾಳಿಯ ಪಕ್ಕೆಲುಬಿಗೆ ಚೆಂಡೆಸೆಯುವವರು
ನಮ್ಮಲ್ಲೂ ಹುಟ್ಟಿದರು; ಹಸಿರು ಪಿಚ್ಚು ಕಂಡರೆ
ನಗುವ ಹುಡುಗರು.
ನೂರರ ಮೊಳೆ ಅಲ್ಲಿಯವರೆಗೆ ಕಂಡದ್ದು
ಒಂದು, ಎರಡು, ಅಪರೂಪಕ್ಕೆ ಮೂರು.
ಈಗ ನಾಲ್ಕು, ಐದು ಅಲ್ಲಿ ರಾತ್ರಿ ತಂಗತೊಡಗಿದವು.
ಒಂದು ಸರಣಿ, ಇನ್ನೊಂದು, ಅದೂ ಅವರ ನೆಲದಲ್ಲೇ;
ಲೋಕದಲ್ಲೆಲ್ಲ ನಾವೇ ಮೊದಲೆಂದು ಪೇಪರಿನವರು ಬರೆದರು.
ಡ್ರಾ ಕೆಳಗಿಳಿದು
ಪಂಕ್ಚರ್ ತೊಟ್ಟಿಯ ಮುಚ್ಚಳವಾಯಿತು.
ನಿಂತು ನೋಡುವ ಸೈಕಲ್ಲುಗಳೂ ಕಡಿಮೆಯಾದವು.
ಮೂರನೇ ಪಾಳಿ ನಿಂತಿತ್ತು. ಸೈರನ್ನು ಮಾತ್ರ
ಅಭ್ಯಾಸಬಲಕ್ಕೆ ಕೂಗುತ್ತಿತ್ತು.

ಒಂದು ಸಂಜೆ: ಆರುನೂರ ಹನ್ನೆರಡಕ್ಕೆ ಒಂಬತ್ತು.
ಡಿಕ್ಲೇರ್.
ಆರು ಆಗಲೇ ನೂರರ ಮೊಳೆಯಲ್ಲಿ.
ಒಂಬತ್ತಿಗೆ ಕೈ ಚಾಚಿದೆ, ಇಲ್ಲ.
ನಾನಾಗ ಕಾಲೇಜು, ಸ್ಟೂಲು ಬೇಕಿರಲಿಲ್ಲ.
"ಕಾಯೋಣವೇನಪ್ಪಾ?" ಅಂದೆ.
"ಇನ್ನು ಯಾರನ್ನ ಕಾಯೋದು? ಅವರು ಮುಗಿಸಿಬಿಟ್ರಲ್ಲ."

ಎದ್ದ. ತೊಟ್ಟಿಯ ಮುಚ್ಚಳ ತೆಗೆದು ನೀರು ಒದರಿದ,
ಲುಂಗಿಯಂಚಿಗೆ ಒರೆಸಿದ. ಕತ್ತರಿ ಹಿಡಿದು
ಸ್ವಲ್ಪ ಹೊತ್ತು ಸುಮ್ಮನೆ ಕೂತ,
ಆಫ್ ಸ್ಟಂಪಿನಾಚೆ ಹೊರಳುವ ಚೆಂಡನ್ನು
ಆಡಲೋ ಬಿಡಲೋ ಎನ್ನುವವನ ಹಾಗೆ.
ಕತ್ತರಿಸಿದ.

ಅಂಗಡಿಯಲ್ಲೀಗ ಮೊಬೈಲ್ ರಿಪೇರಿ.
ಹಲಗೆ ಯಾರ ಒಲೆಗೆ ಹೋಯಿತೋ. ಚೌಡಪ್ಪ ಇಲ್ಲ, ಅಪ್ಪನೂ.
ನಾಲ್ಕನೇ ದಿನದ ಊಟದೊಳಗೇ ಗೆದ್ದ ಸುದ್ದಿ
ಫೋನಿಗೆ ಬರುತ್ತದೆ, ಮಗ ಬೆರಳಲ್ಲಿ ಸರಿಸುತ್ತಾನೆ.
ನನಗೆ ಖುಷಿಯೇ, ಸುಳ್ಳೇಕೆ ಹೇಳಲಿ;
ಸ್ಟೂಲಿನಿಂದ ಬಿದ್ದ ಮಂಡಿಯ ಕಲೆಗೂ ಖುಷಿ.

ಆ ಹೊಸ ಒಂಬತ್ತು ನನ್ನ ಹತ್ತಿರ ಇದೆ.
ಒಮ್ಮೊಮ್ಮೆ ತೆಗೆದು ಬೆನ್ನು ತಿರುಗಿಸುತ್ತೇನೆ.
ಅರ್ಧ ಅಕ್ಷರ, ನೀಲಿ.
ಮೇಲಿನದೆಲ್ಲ ಕತ್ತರಿಯ ಪಾಲಾಗಿದೆ.
ಒತ್ತು ಮಾತ್ರ ಉಳಿದಿದೆ.