ಮಾತ್ರ

ದಾವಣಗೆರೆಯ ಸಬ್‌ರಿಜಿಸ್ಟ್ರಾರ್ ಕಚೇರಿ ಎದುರು
ಬೇವಿನ ನೆರಳಲ್ಲಿ ನನ್ನದೊಂದು ಮೇಜು,
ಹದಿನಾಲ್ಕು ವರ್ಷದ್ದು. ಒಂದು ಕಾಲಿಗೆ ಇಟ್ಟಿಗೆ ಚೂರು.
ಊರಿನ ಕೊಡು-ಕೊಳ್ಳು ನನ್ನ ಬೆರಳ ತುದಿಯಿಂದ ಇಳಿಯುತ್ತದೆ:
'ಸದರಿ ಸ್ವತ್ತಿನ ಬಾಬ್ತು ಸದರಿಯವರು ನಡೆಸಿದ್ದನ್ನೆಲ್ಲ
ನಾನೇ ಖುದ್ದು ನಡೆಸಿದಂತೆ ಒಪ್ಪಿ,
ಸ್ವಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ...'

ಮೊಬಲಗು ಬಂದಲ್ಲಿ ಅಂಕಿ, ಅಂಕಿಯ ಬೆನ್ನಿಗೆ ಅಕ್ಷರ,
ಅಕ್ಷರದ ಬಾಲಕ್ಕೆ ಒಂದು 'ಮಾತ್ರ'.
ಅಪ್ಪ ಕಲಿಸಿದ್ದು. ಅಂದಿದ್ದ:
"ಮಾತ್ರ ಬಿಟ್ಟರೆ ಅದು ಬೇಲಿ ಇಲ್ಲದ ಹಿತ್ಲು.
ಬರೋದು ಎಮ್ಮೆ ಮಾತ್ರ ಅನ್ಕಬ್ಯಾಡ."

ಇವತ್ತು ಸಾವಂತ್ರವ್ವ ಬಂದಿದ್ದಳು, ಮಂಡಕ್ಕಿ ಭಟ್ಟಿ ಕಡೆಯವಳು,
ಸೆರಗಿಗೆ ಸುಟ್ಟ ಹೊಟ್ಟಿನ ವಾಸನೆ.
ಮಂಡಿಪೇಟೆಯ ಆರಡಿ ಎಂಟಡಿ ಕೋಣೆ, ಮೈದುನ ಬಸವಂತನಿಗೆ
ಒಂಬತ್ತು ವರ್ಷದ ಹಿಂದೆ ಕೊಟ್ಟ ಮುಖ್ತ್ಯಾರು, ರದ್ದಾಗಬೇಕು.
"ಜಗಳ ಏನಾರ ಆತಾ?" ಅಂದೆ.
"ಏನಿಲ್ಲ ಬಿಡವ್ವ. ಬಾಡಿಗೀನೂ ತಪ್ಪದಂಗ ತಂದು ಕೊಟ್ಟಾನ.
ಕೆಲಸ ಮುಗದೈತಿ. ಕಾಗದ ಮುಗದಿಲ್ಲ. ಅಷ್ಟ."

ಆ ಎರಡಕ್ಷರ ಬಸ್ಸು ಹತ್ತಿ
ನನ್ನ ಜೊತೆ ನಿಟ್ಟುವಳ್ಳಿಗೆ ಬಂತು.

ರಾತ್ರಿ. ಸಾರು ಒಲೆಯ ಮೇಲೆ. ಫೋನಿನಲ್ಲಿ ನನ್ನ ವಾಲೆಟ್ಟು:
ಚೀಟಿ ಎತ್ತಿದ ದುಡ್ಡಲ್ಲಿ ಕೊಂಡ ಒಂದಿಷ್ಟು ಟೋಕನ್ನು,
ಯಾರಿಗೂ ಹೇಳಿಲ್ಲ, ಗಂಡನಿಗಂತೂ ಮೊದಲೇ ಇಲ್ಲ.
ಹುಡುಕಿ ತೆಗೆದೆ ಅನುಮತಿಗಳ ಪಟ್ಟಿ.
ಹನ್ನೊಂದು ಮುಖ್ತ್ಯಾರು! ಬರೆದುಕೊಟ್ಟವಳು ನಾನೇ,
ಯಾರ ಒತ್ತಾಯವೂ ಇಲ್ಲದೆ, ಹೆಬ್ಬೆರಳ ಒಂದೊಂದು ಒತ್ತಿಗೆ ಒಂದೊಂದು.

ಹೆಸರಿಲ್ಲ, ತಂದೆಯ ಹೆಸರಿಲ್ಲ, ವಯಸ್ಸು, ವಾಸ, ಯಾವುದೂ ಇಲ್ಲ,
ಸೊನ್ನೆ-ಎಕ್ಸ್‌ನಿಂದ ಹೊರಟ ಉದ್ದನೆ ಸಾಲು, ಅದೇ ಏಜೆಂಟ.
ಮಿತಿ: ಅಪರಿಮಿತ.
ಅದನ್ನೂ ಬಿಡಿಸಿ ನೋಡಿದೆ, ಚಾಳಿ. ಎಪ್ಪತ್ತೆಂಟು ಅಂಕಿ.
ಲಕ್ಷ, ಕೋಟಿ ದಾಟಿ ಅಕ್ಷರದಲ್ಲಿ ಬರೆಯಹೋಗಿ
ಕೈ ನಿಂತಿತು. ನನ್ನ ಹತ್ತಿರ ಇರುವುದು ಮುನ್ನೂರ ಹನ್ನೆರಡು
ಮಾತ್ರ.

ಒಂದರ ಜೊತೆ ನನ್ನ ನಂಟು ಮೂರು ನಿಮಿಷದ್ದು:
ಅದಲುಬದಲು ಮುಗಿಸಿ, 'ಸಂಪರ್ಕ ಕಡಿ' ಒತ್ತಿ ಎದ್ದಿದ್ದೆ,
ಕದ ಮುಂದಕ್ಕೆಳೆದು ಬಂದಂತೆ. ಕೀಲಿಕೈ ಅವರ ಉಡಿದಾರದಲ್ಲೇ ಇತ್ತು.
ಇನ್ನೊಂದರ ಅಂಗಡಿ ಮುಚ್ಚಿಯೇ ಎರಡು ವರ್ಷ.
ಮನುಷ್ಯನಾದರೆ ನಾಚುತ್ತಾನೆ, ಮರೆಯುತ್ತಾನೆ, ಹೋಗಲಿ, ಸಾಯುತ್ತಾನೆ;
ಅವನೊಂದಿಗೆ ಮುಖ್ತ್ಯಾರೂ ಸಾಯುತ್ತದೆ.
ಇದು ಬಸವಂತನಂಥ ಮೈದುನ ಅಲ್ಲ.

ರದ್ದು ಮಾಡಲಿಕ್ಕೂ ಸಹಿ ಬೇಕು, ಅದಕ್ಕೂ ಶುಲ್ಕ.
ಅವರು ಗ್ಯಾಸ್ ಅನ್ನುತ್ತಾರೆ, ನಾವು ಛಾಪಾ ಕಾಗದ.
ಒಂದು. ಎರಡು. ಸಾರು ಉಕ್ಕಿತು, ಇಳಿಸಿ ಬಂದೆ. ಮೂರು.
ಅಪರಿಮಿತದ ಜಾಗದಲ್ಲಿ ಸೊನ್ನೆ ಬಂದು ಕೂತಿತು.
ಹಳೆಯ ನಮೂದು ಅಳಿಯಲಿಲ್ಲ, ನಮ್ಮ ರಿಜಿಸ್ಟರಿನಲ್ಲೂ ಅಳಿಯುವುದಿಲ್ಲ;
ಕೆಳಗೆ ಹೊಸದೊಂದು ಸಾಲು, ಅಷ್ಟ.

ಏಳನೆಯದಕ್ಕೆ ಉಸಿರು ಹಿಡಿಯಿತು.
ಆ ಟೋಕನ್ನು ಹೋದ ಶ್ರಾವಣದಿಂದ ಕಾಣುತ್ತಿರಲಿಲ್ಲ,
ಬೆಲೆ ಬಿದ್ದು ಮರೆಯಾಗಿರಬೇಕು ಅಂದುಕೊಂಡಿದ್ದೆ.
ಬಿದ್ದಿರಲಿಲ್ಲ. ಯಾರೋ ಎತ್ತಿಕೊಂಡು ಹೋಗಿದ್ದರು,
ಬೀಗ ಒಡೆದಲ್ಲ; ನಾನು ಕೊಟ್ಟ ಅಧಿಕಾರದಲ್ಲಿ,
ನಾನೇ ಖುದ್ದು ನಡೆಸಿದಂತೆ.
ರದ್ದತಿಗೆ ಹಿಂದಕ್ಕೆ ನಡೆಯುವ ಕಾಲಿಲ್ಲ,
ಈ ಮಾತನ್ನು ಮೇಜಿನಾಚೆಯ ಎಷ್ಟು ಮುಖಗಳಿಗೆ ಹೇಳಿದ್ದೇನೆ.
ಆದರೂ ಒತ್ತಿದೆ. ಖಾಲಿ ಪೆಟ್ಟಿಗೆಗೊಂದು ಬೀಗ.

ಹನ್ನೊಂದನೆಯದು ಬೇಕು, ನಾಳೆಯೂ ಅದರಲ್ಲಿ ಕೆಲಸವಿದೆ.
ಮಿತಿ ತಿದ್ದಿ ಇಪ್ಪತ್ತರ ಅಂಕಿ ಹೊಡೆದೆ.
ಪಕ್ಕಕ್ಕೆ, ಚಾಳಿ, 'ಇಪ್ಪತ್ತು ಮಾತ್ರ' ಅಂತ ಬರೆಯಹೋದರೆ
ಆ ಚೌಕ ಅಕ್ಷರ ತಗೊಳ್ಳಲಿಲ್ಲ.

ಬಾಯಲ್ಲೇ ಅಂದೆ, ಸಾರಿನ ಹಬೆಗೆ.
"ಯಾರ ಜೊತೆ ಮಾತು?" ಒಳಗಿಂದ ಗಂಡ.
"ಯಾರಿಲ್ಲ," ಅಂದೆ. "ಒಂದು ಮುಖ್ತ್ಯಾರು ಬರೀತಿದ್ದೆ."