ತುಟಿಗೆ ರಜೆ

ಸೋಮವಾರ ರಾತ್ರಿ ಕೆಳತುಟಿಯ ಬಲ ಮೂಲೆಯಲ್ಲಿ
ಇರುವೆ ಕಚ್ಚಿ ಬಿಟ್ಟಂತೆ ಒಂದು ಚುರುಕು.
ಗೊತ್ತು ನನಗೆ. ಮುಳಬಾಗಿಲಿನ ಬಂಡೆ ಕಾದ ವಾರ,
ಮೂರು ಮದುವೆ ಒಂದರ ಮೇಲೊಂದು ಊದಿದ ವಾರ
ತಪ್ಪದೆ ಬರುತ್ತದೆ.
ಬೆಳಗ್ಗೆ ಕನ್ನಡಿಯಲ್ಲಿ ಸಾಸಿವೆಯಷ್ಟು ನೀರುಗುಳ್ಳೆ, ಐದಾರು,
ಪಂಕ್ತಿಗೆ ಕೂತ ನೆಂಟರ ಹಾಗೆ ಒತ್ತಿಕೊಂಡು.

ಗುರುವಾರ ಮುಹೂರ್ತ.
ಮುಂಗಡ ಆಗಲೇ ಅಕ್ಕಿ ಅಂಗಡಿ ಸೇರಿದೆ.

"ಹಲ್ಲಿ ಉಚ್ಚೆ ಹೊಯ್ದಿದೆ," ಅಂದಳು ಪಿಳ್ಳಮ್ಮ,
"ಬಾಯಿ ತೆರೆದು ಮಲಗಬೇಡ ಅಂದರೆ ಕೇಳಿದೆಯಾ?"
ಬಟ್ಟಲ ತಳದ ತುಪ್ಪ ಬಳಿದು ಹಚ್ಚಿದಳು.
ಮೂವತ್ತು ವರ್ಷ ನನ್ನತ್ತ ಎತ್ತಿದ್ದ ಬೆರಳು
ಇಷ್ಟು ಮೆತ್ತಗಿದೆ ಅಂತ ಈಗ ಗೊತ್ತಾಯಿತು.
ಆಮೇಲೆ ಸೀಗೆಪುಡಿ ಹಾಕಿ ಕೈ ತೊಳೆದಳು,
ಪುಡಿ ಮುಗಿದದ್ದಕ್ಕೂ ನನಗೇ ಬೈದಳು.

ಅಣ್ಣನ ಕ್ಷೌರದಂಗಡಿಯಲ್ಲಿ ಪಟಿಕ ಒತ್ತಿಸಿಕೊಂಡೆ.
ಕಣ್ಣಲ್ಲಿ ನೀರು. ಗುಳ್ಳೆಗೇನೂ ಆಗಲಿಲ್ಲ.
ದೃಷ್ಟಿಗೆಂದು ಬಾಗಿಲಿಗೆ ತಲೆಕೆಳಗಾಗಿ ಕಟ್ಟಿದ
ಲೋಳೆಸರದ ಒಂದು ಎಲೆ ಮುರಿದೆ:
ತಂಪು, ಕಹಿ, ಗಳಿಗೆ ಹೊತ್ತು ಸುಖ.
ಅದು ನುಂಗಿದ್ದ ಬೀದಿಯ ಕಣ್ಣೆಲ್ಲ
ತುಟಿಗೆ ಹತ್ತಿತೋ ಏನೋ, ಸಂಜೆಗೆ ಇನ್ನಷ್ಟು ಉಬ್ಬಿತು.
ಡೋಲಿನ ಆವಲಪ್ಪ ತೆಲುಗಿನಲ್ಲಿ ಒಂದು ಮದ್ದು ಹೇಳಿದ;
ಅದನ್ನಿಲ್ಲಿ ಬರೆಯಲಾರೆ, ಮಾಡಲೂ ಇಲ್ಲ.
ಜೇನು ಹಚ್ಚಿದ ಹುಡುಗ, "ನೆಕ್ಕಬೇಡಿ ಮಾವ," ಅಂದ.
ನೆಕ್ಕಿದೆ.

ಔಷಧಿ ಅಂಗಡಿಯ ಶಬಾನಾ ದೂರದಿಂದಲೇ ನೋಡಿ,
"ಚುರುಕು ಅನ್ನಿಸಿದ ರಾತ್ರಿಯೇ ಬರಬೇಕಿತ್ತಣ್ಣ.
ಈಗ ಹತ್ತು ದಿನ, ತಾನೇ ಒಣಗುತ್ತೆ.
ಐಸ್ ಇಡಿ, ಜೇನು ಹಚ್ಚಿ, ಉರಿ ಕಮ್ಮಿಯಾಗಬಹುದು.
ಕೀಳಬೇಡಿ. ಲೋಟ, ಟವೆಲ್ ಬೇರೆ ಇಟ್ಟುಕೊಳ್ಳಿ.
ಬಾಣಂತಿ ಮನೆಗೆ ಹೋದರೆ ಮಗುವಿಗೆ ಮುತ್ತು ಕೊಡಬೇಡಿ.
ಹೋಗಲ್ಲ ಇದು. ನರದೊಳಗೆ ಮಲಗುತ್ತೆ, ಅಷ್ಟೇ."

ದೇವರನ್ನೇ ಎಬ್ಬಿಸುವ ಕಸುಬು ನನ್ನದು,
ಇದೊಂದನ್ನು ಮಲಗಿಸಲು ಬರಲಿಲ್ಲ.

ಗುರುವಾರ ಶ್ರೀನಿವಾಸಪುರದಿಂದ ಚಲಪತಿ ಬಂದ,
ಚಿಕ್ಕಪ್ಪನ ಮಗ, ಒಬ್ಬನೇ ಗುರುವಿನ ಏಟು ತಿಂದವರು ನಾವು.
ನಾನು ಶ್ರುತಿಪೆಟ್ಟಿಗೆ ಹಿಡಿದು ಹಿಂದೆ ಕೂತೆ.
ಊದುವವನಿಗೆ ಮದುವೆ ಕಾಣುವುದಿಲ್ಲ. ಅವತ್ತು ಕಂಡೆ:
ಹುಡುಗಿ ಸೆರಗಿನಂಚಿನ ದಾರ ಕೀಳುತ್ತಿದ್ದಳು,
ಅವಳ ಸೋದರಮಾವ ಚಪ್ಪಲಿ ಎಣಿಸುತ್ತಿದ್ದ.
ಚಲಪತಿಯ ಮೋಹನ ಕಂಬ ಕಂಬಕ್ಕೂ ತಾಗಿ
ಮೆಲ್ಲಗೆ ತಿರುಗಿ ಬರುತ್ತಿತ್ತು.
ನನ್ನದು ಹಾಗೆ ತಿರುಗಿ ಬಂದದ್ದು ನೆನಪಿಲ್ಲ.

ಧಾರೆಗೆ ಇನ್ನೇನು, ಅವನ ಜೀವಾಳಿ ಸೀಳಿತು.
ಬೇರೆಯದು ಮನೆಯಲ್ಲೇ ಮರೆತಿದ್ದ.
ತಿರುಗಿ ನೋಡದೆ ಹಿಂದಕ್ಕೆ ಕೈ ಚಾಚಿದ,
ಚಿಕ್ಕಂದಿನಲ್ಲಿ ಚಾಚುತ್ತಿದ್ದ ಹಾಗೆಯೇ.
ನನ್ನ ಸೊಂಟದ ಚೀಲದಲ್ಲಿ ಆರು.
ಆರನ್ನೂ ಬೆಳಗ್ಗೆ, ಹಟಕ್ಕೆ, ಒಂದೊಂದಾಗಿ
ಇದೇ ತುಟಿಗೆ ಇಟ್ಟು ನೋಡಿದ್ದೆ.

ಮುಷ್ಟಿ ಬಿಗಿದೆ.
"ಗಟ್ಟಿಮೇಳ, ಗಟ್ಟಿಮೇಳ!"
ಆವಲಪ್ಪನ ಡೋಲೊಂದೇ ತಾಳಿ ಕಟ್ಟಿಸಿತು.
ಚಲಪತಿ ತಿರುಗಿದ. ಗುಳ್ಳೆ ನೋಡಲಿಲ್ಲ,
ಮುಷ್ಟಿ ನೋಡಿದ.
ಊಟ ಮಾಡದೆ ಬಸ್ಸು ಹತ್ತಿದ.

ಹನ್ನೊಂದನೆಯ ದಿನ ಹಕ್ಕಳೆ ತಾನೇ ಉದುರಿತು,
ಮುದ್ದೆಯ ತಟ್ಟೆಯೊಳಗೆ ಅಂತ ಪಿಳ್ಳಮ್ಮನ ಅನುಮಾನ.
ಆರೂ ಜೀವಾಳಿ ಒಲೆಗೆ ಹಾಕಿದೆ.
ಹೊಸವು ನಾಲ್ಕು, ತುಟಿ ಸೋಕದವು,
ಕಾಗದದಲ್ಲಿ ಸುತ್ತಿಕೊಂಡು ಹೊರಟಿದ್ದೇನೆ.

ಹೇಳಬೇಕಾದ್ದು ಸುಲಭ: ನಿನ್ನ ತುಟಿ ಉಳಿಸಿದೆನೋ.
ನಿಜವೇ. ಆದರೂ ಕೈ ಬಿಗಿದ ಆ ಕ್ಷಣದಲ್ಲಿ
ಕಿವಿಯಲ್ಲಿದ್ದದ್ದು ಶಬಾನಾಳ ಮಾತೋ,
ಕಂಬ ತಾಗಿ ಬಂದ ಮೋಹನವೋ?

"ಎಲ್ಲಿಗೆ?" ಅಂದ ಕಂಡಕ್ಟರ್.
ಊರ ಹೆಸರು ಹೇಳಲು ಬಾಯಿ ತೆರೆದೆ;
ಹೊಸ ಚರ್ಮ, ಸ್ವಲ್ಪ ಎಳೆಯಿತು.