ಇದೊಂದು ರೇಸು

ಭಾನುವಾರ ಸಂಡೂರಿನ ಗುಡ್ಡದ ಕೆಳಗೆ ರೇಸು.
ಶುಕ್ರವಾರ ಸಂಜೆ ಪಂಪಾಪತಿ ಗಾಡಿ ತಳ್ಳಿಕೊಂಡು ಬಂದ.
ಕೌಲ್ ಬಜಾರಿನ ಗೇಟು ಬಿದ್ದಿತ್ತು,
ಗೂಡ್ಸು ರೈಲಿನಲ್ಲಿ ಅದೇ ಗುಡ್ಡ, ಪುಡಿಪುಡಿಯಾಗಿ,
ಐವತ್ತೆಂಟು ಡಬ್ಬಿ. ನಿಂತು ಎಣಿಸಿದನಂತೆ.

"ಹುಸೇನಣ್ಣಾ, ಇದೊಂದು ರೇಸು ತಡೀತೈತೇನು?"

ಈ ಮಾತಿಗೆಂದೇ ನನ್ನ ಅಂಗಡಿಯಲ್ಲೊಂದು ಮೊಳೆಯಿದೆ.
ನೆತ್ತಿ ತೂತಾದ ಪಿಸ್ಟನ್ನು,
ಎರಡು ತುಂಡಾದ ಕನೆಕ್ಟಿಂಗ್ ರಾಡು,
ಎಲ್ಲ ಇದೊಂದು ರೇಸು ಎಂದು ಹೋದವು.
ತಡೆದವೂ ಉಂಟು.
ಅವನ್ನು ಯಾರು ಮೊಳೆಗೆ ಹಾಕುತ್ತಾರೆ.

ಕಿಕ್ಕನ್ನು ಕೈಯಲ್ಲಿ ಒತ್ತಿದೆ.
ಮೊದಲು ಹಟದ ಎಮ್ಮೆಯಂತೆ ಕಾಲೂರಿ ನಿಲ್ಲುತ್ತಿತ್ತು,
ಈಗ ಎಳೆದತ್ತ ಬರುತ್ತದೆ. ಒಳ್ಳೆಯ ಲಕ್ಷಣವಲ್ಲ.
ಗೇಜಿನ ಮುಳ್ಳು ನೂರ ಹದಿನೆಂಟಕ್ಕೆ ನಿಂತಿತು;
ಯುಗಾದಿಗೆ ನೂರೈವತ್ತಿತ್ತೆಂದು ಅವನ ನೋಟುಬುಕ್ಕೇ ಹೇಳುತ್ತದೆ.
ಓಡಿದ ಗಂಟೆಗಳನ್ನೂ ಬರೆದಿದ್ದಾನೆ, ಮೂವತ್ತಾರರ ತನಕ.
ಆಮೇಲೆ ಹಾಳೆ ಖಾಲಿ.
ಯಾಕೋ ಎಂದರೆ ಗೇಟಿನ ಕಡೆ ನೋಡಿದ.

ಸಿಲಿಂಡರು ಎತ್ತಿದೆ.
ಪಿಸ್ಟನ್ನಿನ ಬೆನ್ನಿಗೆ, ಗಾಳಿ ಬರುವ ಕಡೆ,
ಬೆಕ್ಕು ಪರಚಿದಂಥ ಉದ್ದ ಗೀರು. ಎಳೆದ ಉಗುರು ಸಿಕ್ಕಿಕೊಂಡಿತು.
ಫಿಲ್ಟರಿನ ಅಂಚಿಗೆ ಗ್ರೀಸು ಸವರಿಲ್ಲ, ಕಳ್ಳ.
ಟನ್ನಿಗಿಷ್ಟೆಂದು ಹಡಗು ಹತ್ತುವ ಧೂಳು
ಇಲ್ಲಿ ಪುಕ್ಕಟೆ ನುಗ್ಗಿದೆ.
ರಿಂಗಿನ ಸಂದಿಗೆ ಗೇಜಿನ ಎಲೆ ತೂರಿಸಿದೆ.
ಹೋಗಬಾರದ ಎಲೆ ಹೋಯಿತು,
ಜೊತೆಗೊಂದನ್ನು ಕರೆದುಕೊಂಡು.

ಇಲ್ಲಿಯ ತನಕ ಸುಲಭ. ಅಳತೆ ಹೇಳುತ್ತದೆ, ನಾನು ಹೂಂ ಅನ್ನುತ್ತೇನೆ.
ಕಷ್ಟವಿರುವುದು ಕೆಳಗೆ, ಕ್ರ್ಯಾಂಕಿನ ಬೇರಿಂಗಿನಲ್ಲಿ;
ಇಂಜಿನ್ನು ಸೀಳದೆ ಅದರ ಮನಸ್ಸು ತಿಳಿಯಬೇಕು.
ಮೌಲಾಸಾಬರು ರಾಡನ್ನು ಎರಡೇ ಬೆರಳಲ್ಲಿ ಹಿಡಿದು ಕಲಿಸಿದ್ದರು:
"ಪಕ್ಕಕ್ಕ ಅಲುಗಿದ್ರ ಅಲುಗಲಿ, ಅದಕ್ಕೂ ಉಸಿರಾಡಾಕ ಜಾಗ ಬೇಕು.
ಮ್ಯಾಲ ಕೆಳಗ ಅಲುಗಿತೋ, ಕೂದಲೆಳೆಯಷ್ಟಾದ್ರೂ, ಮುಗೀತು."
ಎತ್ತಿದೆ. ಇಳಿಸಿದೆ.
ಏನೋ ತಾಗಿತು,
ಅಥವಾ ತಾಗಿತೆಂದು ಬೆರಳು ಅಂದುಕೊಂಡಿತು.
ಕಿವಿಗೆ ಮಾತ್ರ ಏನೂ ಬರಲಿಲ್ಲ.

ಮೂವತ್ತು ವರ್ಷ ಬತ್ತಲೆ ಸೈಲೆನ್ಸರುಗಳ ಪಕ್ಕ ಕೂತ ಕಿವಿ.
ದಪ್ಪ ಸದ್ದು ಈಗಲೂ ಬರುತ್ತದೆ. ಸಣ್ಣವು
ಯಾವ ವರ್ಷ ಬಿಟ್ಟು ಹೋದವೋ, ಹೇಳಿ ಹೋಗಲಿಲ್ಲ.
ಅವನಿಗೆ ರಾಡು ಎತ್ತಲು ಹೇಳಿ,
ಸ್ಕ್ರೂಡ್ರೈವರಿನ ಹಿಡಿಯನ್ನು ಹಲ್ಲಲ್ಲಿ ಕಚ್ಚಿ ತುದಿಯನ್ನು ಕೇಸಿಗಿಟ್ಟೆ,
ಮೂಳೆಯ ದಾರಿಯಲ್ಲಾದರೂ ಬರಲೆಂದು.
ಪಂಪಾಪತಿ ನಕ್ಕ. ಮಾಬಮ್ಮ ನಗಲಿಲ್ಲ.

ಹಗಲೆಲ್ಲ ಜೀನ್ಸ್ ಹೊಲಿದು ಸಂಜೆ ನನ್ನಲ್ಲಿ ಕೆಲಸ ಕಲಿಯುವ ಹುಡುಗಿ,
ಬೆರಳ ತುದಿ ಇನ್ನೂ ನೀಲಿ.
"ಕೊಡ್ರಿ" ಎಂದು ಕಣ್ಣು ಮುಚ್ಚಿ ಎತ್ತಿದಳು, ಇಳಿಸಿದಳು.
"ಐತ್ರೀ. ಮಷೀನಿನಾಗ ಸೂಜಿ ಸಡ್ಲಾದಾಗ ಬರತೈತಲ್ಲ, ಹಂಗ."

ಅವನಲ್ಲಿರುವುದು ಪಿಸ್ಟನ್ನಿನ ದುಡ್ಡು. ಕ್ರ್ಯಾಂಕಿನದಲ್ಲ.
ಮೇಲೆ ಹೊಸದು ಹಾಕಿದರೆ ಬಲ ಬರುತ್ತದೆ,
ಆ ಬಲವೇ ಕೆಳಗಿನ ಹಳೆಯದನ್ನು ಬೇಗ ಮುರಿಯುತ್ತದೆ.
ಹತ್ತೊಂಬತ್ತರ ಹುಡುಗನಿಗೆ ಇದನ್ನು ಹೇಗೆ ಹೇಳುವುದು;
ಒಗ್ಗಾಣಿ ತರಿಸಿದೆ, ಮಿರ್ಚಿ ಎರಡು.
ತಿಂದು ಮುಗಿಸುವ ತನಕ ಯಾರೂ ಮಾತಾಡಲಿಲ್ಲ.

ಆಮೇಲೆ ಅವನೇ ಪೆನ್ನು ಕೇಳಿದ.
ಮೂವತ್ತಾರರ ಕೆಳಗೆ, ಬಿಟ್ಟ ಗಂಟೆಗಳನ್ನೆಲ್ಲ
ಒಂದೊಂದಾಗಿ ಬರೆಯತೊಡಗಿದ,
ಬೆರಳು ಮಡಚಿ, ತಿಂಗಳು ನೆನೆದು, ಒಮ್ಮೆ ಹೊಡೆದುಹಾಕಿ.
ಮಾಬಮ್ಮ ಇಂಜಿನ್ನಿನ ತೆರೆದ ಬಾಯಿಗೆ
ಧೂಳು ಹೋಗದಂತೆ ಜೀನ್ಸಿನ ಚಿಂದಿ ತುರುಕಿದಳು.
ಗೇಟು ಎದ್ದಿತೆಂದು ಇಬ್ಬರೂ ತಲೆಯೆತ್ತಿದರು.
ಗಂಟೆ ಹೊಡೆಯಿತೇನೋ.